ಕಪ್ಪು ಬಿಳುಪು ಟೀವಿಯ ಇಬ್ಬರು ಸಿಪಾಯಿಗಳು

ವಿಶಾಲಮ್ಮನ ಬಾಯಿ ಎಂದರೆ ನಂಜನಗೂಡಿನ ಅವರ ಬೀದಿಗೆಲ್ಲ ಗೊತ್ತು. ಬೀದಿ ಕೊಳಾಯಿಯಲ್ಲಿ ಮೊದಲು ಅವಳ ಮಾತು ಬರುತ್ತಿತ್ತು, ಆಮೇಲೆ ನೀರು. ಕೆಟ್ಟ ಹೆಂಗಸು ಅಂದುಕೊಳ್ಳಬೇಡಿ. ಯಾರ ಮನೆಯಲ್ಲಿ ಹೆರಿಗೆ, ಯಾರ ಮನೆಯಲ್ಲಿ ಸಾವು, ಕರೆಯುವ ಮುಂಚೆಯೇ ಸೆರಗು ಸಿಕ್ಕಿಸಿಕೊಂಡು ಹೋಗಿ ನಿಲ್ಲುವ ಜೀವ ಅದು. ಎದುರಿಗಿದ್ದವರು ಮಾತು ಮುಗಿಸುವ ತನಕ ಕಾಯುವ ತಾಳ್ಮೆಯೊಂದನ್ನು ಮಾತ್ರ ದೇವರು ಅವಳಿಗೆ ಕೊಡುವುದನ್ನು ಮರೆತುಬಿಟ್ಟಿದ್ದ.

ಅಂಥವಳ ಹೊಟ್ಟೆಯಲ್ಲಿ ಹುಟ್ಟಿದವನು ಮಹಾದೇವಸ್ವಾಮಿ. ಒಬ್ಬನೇ ಮಗ, ತಂದೆ ಇಲ್ಲದವನು, ಮಾತು ಕಲಿತಾಗಿನಿಂದ ಉಗ್ಗು. ಮೊದಲ ಅಕ್ಷರ ತುಟಿಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಕುತ್ತಿಗೆಯ ನರ ಉಬ್ಬುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹೆತ್ತ ಕರುಳು ಎಷ್ಟು ಹೊತ್ತು ನೋಡಿಕೊಂಡು ಕೂತೀತು ಹೇಳಿ? "ಅ... ಅವ್ವ, ನಂ... ನಂಗೆ..." ಅನ್ನುವಷ್ಟರಲ್ಲಿ "ಇನ್ನೊಂದು ಮುದ್ದೆ ತಾನೆ? ಇಕ್ತೀನಿ ಕಣಪ್ಪ" ಎಂದು ತಟ್ಟೆಗೆ ಹಾಕಿಯೇ ಬಿಡುವಳು. ಅವನಿಗೆ ಬೇಕಾಗಿದ್ದದ್ದು ನೀರೋ, ಮಜ್ಜಿಗೆಯೋ, ಶಿವನಿಗೇ ಗೊತ್ತು. ಪಾಪ, ಮುದ್ದೆ ತಿಂದು ಎದ್ದು ಹೋಗುತ್ತಿದ್ದ.

ಸ್ಕೂಲಿನಲ್ಲಿ ಮೇಷ್ಟರ ಹತ್ತಿರ ಅವನ ಪರವಾಗಿ ಮಾತಾಡಿದವಳು ಅವಳೇ. ಊರಾಚೆಯ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ಕೆಲಸ ಸಿಕ್ಕಾಗ ಗೇಟಿನ ತನಕ ಹೋಗಿ ವಾಚ್‌ಮನ್‌ಗೆ ಎಲ್ಲ ವಿವರಿಸಿ ಬಂದವಳೂ ಅವಳೇ. ಕೊನೆಗೆ ನರಸೀಪುರಕ್ಕೆ ಹೆಣ್ಣು ನೋಡಲು ಹೋದಾಗ "ಹುಡುಗಿ ಒಪ್ಪಿಗೇನಪ್ಪ?" ಎಂದು ಹೆಣ್ಣಿನ ತಂದೆ ಬಸವಣ್ಣ ಕೇಳಿದರೆ, ಹುಡುಗ ಬಾಯಿ ತೆರೆಯುವ ಮೊದಲೇ "ಒಪ್ಪಿಗೆ, ಒಪ್ಪಿಗೆ" ಅಂದುಬಿಟ್ಟಳು. ಪುಣ್ಯಕ್ಕೆ ಅವನಿಗೂ ಒಪ್ಪಿಗೆಯೇ ಆಗಿತ್ತು.

ಹಾಗೆ ತೊಂಬತ್ತೆಂಟರ ಬೇಸಿಗೆಯಲ್ಲಿ ರುದ್ರಾಣಿ ಈ ಮನೆಗೆ ಸೊಸೆಯಾಗಿ ಬಂದಳು. ಪಿಯುಸಿ ಓದಿದ ಹುಡುಗಿ, ಮುಖದಲ್ಲಿ ಕಳೆ, ಕೈಯಲ್ಲಿ ಕೆಲಸ. ಅವಳ ಜೊತೆ ಬೀಗರು ಕಳಿಸಿದ ಕಲರ್ ಟೀವಿಯೂ ಬಂತು. ಅದು ನಡುಮನೆಯಲ್ಲಿ ಕೂತ ಮೇಲೆ ಹಳೆಯ ಕಪ್ಪು ಬಿಳುಪು ಟೀವಿ ಮಗನ ಕೋಣೆ ಸೇರಿತು. ತೊಂದರೆ ಶುರುವಾದದ್ದೇ ಅಲ್ಲಿ.

ಮಹಾದೇವಸ್ವಾಮಿಯ ಹತ್ತಿರ ಒಂದು ಟೀವಿ ಗೇಮ್ ಇತ್ತು. ಮೈಸೂರಿನಿಂದ ತಂದದ್ದು. ತಿಂಡಿ ಡಬ್ಬಿಯಂಥ ಒಂದು ಪೆಟ್ಟಿಗೆ, ಅದಕ್ಕೆ ಬಾಲದ ಹಾಗೆ ಎರಡು ವೈರು, ವೈರಿನ ತುದಿಯಲ್ಲಿ ಒಂದೊಂದು ರಿಮೋಟು. ಮೇಲೆ ಕ್ಯಾಸೆಟ್ ಸಿಕ್ಕಿಸಿದರೆ ಟೀವಿಯಲ್ಲಿ ಪುಟಾಣಿ ಸಿಪಾಯಿಗಳು ಕಾಡಿನೊಳಗೆ ಓಡುತ್ತ, ನೆಗೆಯುತ್ತ, ಢಂ ಢಂ ಅಂತ ಗುಂಡು ಹಾರಿಸುತ್ತಿದ್ದರು. ಮದುವೆಗೆ ಮುಂಚೆ ಅವನು ಅದರ ಮುಂದೆ ಕೂತಿದ್ದರೆ ವಿಶಾಲಮ್ಮ ತಲೆ ಕೆಡಿಸಿಕೊಂಡಿರಲಿಲ್ಲ. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಆಡಿಕೊಳ್ಳಲಿ ಬಿಡು. ಆದರೆ ಮದುವೆ ಆದ ಮೇಲೂ? ಸಂಜೆ ಫ್ಯಾಕ್ಟರಿಯಿಂದ ಬಂದವನು ಕಾಫಿ ಕುಡಿದು ಕೋಣೆಗೆ ಹೋದನೆಂದರೆ, ಬಾಗಿಲ ಹಿಂದೆ ಅದೇ ಢಂ ಢಂ, ಅದೇ ಟುಂಯ್ ಟುಂಯ್. ಸೊಸೆಯೂ ಒಳಗೇ ಇರುತ್ತಿದ್ದಳು. ಬಾಗಿಲಿಗೆ ಕಿವಿ ಕೊಡುವಷ್ಟು ಕೀಳು ಬುದ್ಧಿ ವಿಶಾಲಮ್ಮನದಲ್ಲ. ಕೊಟ್ಟಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು ಅನ್ನುವುದು ಬೇರೆ ಮಾತು.

"ನಿನ್ನ ಮಗ ಹೆಂಡ್ತೀನ ಮೂಲೇಲಿ ಕೂರ್ಸಿ ಟೀವಿ ಜೊತೆ ಸಂಸಾರ ಮಾಡ್ತಾವ್ನಲ್ಲ ವಿಶಾಲು" ಎಂದು ಪಕ್ಕದ ಮನೆಯ ಮಂಗಳಗೌರಿ ಹಲ್ಲು ಬಿಟ್ಟಳು. ತಮಾಷೆಗೆ ಅಂದದ್ದು. ಆದರೆ ವಿಶಾಲಮ್ಮನ ಎದೆಯಲ್ಲಿ ಅದು ಮುಳ್ಳಿನ ಹಾಗೆ ಕೂತುಬಿಟ್ಟಿತು. ಮೊದಲೇ ಮಾತು ಬಾರದ ಗಂಡು. ಇರುವ ಎರಡು ಮಾತನ್ನೂ ಆ ಡಬ್ಬ ನುಂಗಿಹಾಕಿದರೆ ಎಂಥ ಹುಡುಗಿ ತಾನೆ ಬಾಳಿಯಾಳು? ಇವನಿಗೆ ಈ ಸಂಬಂಧ ಕೂಡಿಸಲು ಅವಳು ಎಷ್ಟು ಮನೆ ಬಾಗಿಲು ತಟ್ಟಿದ್ದಳೋ, ಎಷ್ಟು ಜನರ ಮುಂದೆ ಹಲ್ಲು ಗಿಂಜಿದ್ದಳೋ. ಈ ಹುಡುಗಿ ಕೈತಪ್ಪಿದರೆ ಇನ್ನೊಂದು ಸಿಗುವುದಿಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಹೆಣ್ಣು ತವರಿಗೆ ಹೋಗಬೇಕು. ತಿಂಗಳ ಕೊನೆಗೆ ಭೀಮನ ಅಮಾವಾಸ್ಯೆಯ ದಿನ ಅಳಿಯ ಮಾವನ ಮನೆಗೆ ಹೋಗಿ ಹೆಂಡತಿಯ ಕೈಯಲ್ಲಿ ಪಾದಪೂಜೆ ಮಾಡಿಸಿಕೊಂಡು, ಶ್ರಾವಣ ಹುಟ್ಟಿದ ಮೇಲೆ ಅವಳನ್ನು ಕರೆದುಕೊಂಡು ಬರುವುದು. ಬಸವಣ್ಣ ಬಂದು ಮಗಳನ್ನು ಹೊರಡಿಸಿದ. ಬಾಗಿಲಲ್ಲಿ ರುದ್ರಾಣಿ ಒಂದು ಸಲ ತಿರುಗಿ ಗಂಡನ ಮುಖ ನೋಡಿದಳು. ಅವನು ಏನೋ ಹೇಳಲು ತುಟಿ ತೆರೆದ. "ಉಷಾರಾಗಿ ಓಗಿ ಬಾ ಅಂತಾವ್ನೆ ಕಣವ್ವ, ಒರಡಿ ಒರಡಿ, ಬಸ್ಸು ತಪ್ಪೋದದು" ಎಂದು ವಿಶಾಲಮ್ಮ ಮುಗಿಸಿಕೊಟ್ಟಳು.

ಸೊಸೆ ಹೋದ ಮೇಲೆ ಕೋಣೆಯಿಂದ ಢಂ ಢಂ ಸದ್ದೂ ನಿಂತಿತು. ಮಗ ಗೇಮನ್ನು ಒಂದು ಟವಲಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟ. ವಿಶಾಲಮ್ಮ ಅದನ್ನು ನೋಡಿ, ಹುಚ್ಚು ಬಿಡುತ್ತಾ ಇದೆ, ಪೂರ್ತಿ ಬಿಡಿಸಲು ಇದೇ ಸಮಯ ಅಂದುಕೊಂಡಳು. ಒಂದು ಮಧ್ಯಾಹ್ನ ಬೀದಿಯಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಕೂಗಿಕೊಂಡು ಬಂದಳು. ವಿಶಾಲಮ್ಮ ಎರಡು ಹಳೆಯ ಸೀರೆ, ಗಂಡನ ಕಾಲದ ಒಂದು ಕೋಟು, ಅದರ ಮೇಲೆ ಟವಲಿನ ಗಂಟು ಇಟ್ಟಳು. ಪಾತ್ರೆಯವಳು ಗಂಟು ಬಿಚ್ಚಿ, "ಇದೇನಮ್ಮೋ, ಬಟ್ಟೆ ಅಂದ್ರೆ ವೈರು ತಂದಿದೀಯ" ಎಂದು ಗೊಣಗಿದಳು. ಸಾಕಷ್ಟು ಜಗ್ಗಾಡಿ ಕೊನೆಗೆ ಒಂದು ಸ್ಟೀಲಿನ ದಬರಿ ಕೊಟ್ಟು ಹೋದಳು. ದಬರಿ ಫಳಫಳ ಹೊಳೆಯುತ್ತಿತ್ತು. ವಿಶಾಲಮ್ಮನಿಗೆ ಒಂದು ಸಂಸಾರ ಉಳಿಸಿದ ಹೆಮ್ಮೆ.

ಸಂಜೆ ಮಗ ಕಪಾಟು ನೋಡಿದ, ಅಡುಗೆಮನೆಗೆ ಬಂದ. "ಅ... ಅವ್ವ, ಅ... ಅದು..."

"ಓಗ್ಲಿ ಬುಡು ಅಂತೀಯ ತಾನೆ? ನಂಗೂ ಗೊತ್ತು ಕಣ ಮಗ. ನೋಡು, ಎಂಥಾ ದಬರಿ ಬಂದದೆ!"

ಅವನು ದಬರಿಯನ್ನೂ ನೋಡಿದ, ತಾಯಿಯನ್ನೂ ನೋಡಿದ. ಹೊರಗೆ ಹೋಗಿ ಹೊಳೆಯ ಕಡೆ ನಡೆದುಬಿಟ್ಟ. ಊಟಕ್ಕೆ ಬಂದಾಗಲೂ ತಲೆ ಎತ್ತಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಯಾವುದೋ ಕೆಲಸಕ್ಕೆ ನಂಜನಗೂಡಿಗೆ ಬಂದ ಬಸವಣ್ಣ ಬೀಗರ ಮನೆಗೂ ಬಂದು ಹೋಗೋಣ ಎಂದು ಬಂದ. ವಿಶಾಲಮ್ಮನಿಗೆ ನಾಲಿಗೆ ತಡೆಯಬೇಕಲ್ಲ! ಮಗನನ್ನು ಮೇಲೆತ್ತಿ ಹೇಳುವ ಉಮೇದಿನಲ್ಲಿ, "ನಿಮ್ಮ ಅಳಿಯನೇ ಆ ಆಟದ ಡಬ್ಬ ತಗದು ಕೊಟ್ಟುಬುಟ್ಟ ಕಣ್ರಿ ಬೀಗರೇ. ಇನ್ನ ನಂಗೆ ಇದೆಲ್ಲ ಬ್ಯಾಡ ಕಣವ್ವ, ಸಾಕಾಗ್ಯದೆ ಅಂದ. ಓಗಿ ನಿಮ್ಮ ಮಗಳಿಗೂ ಯೋಳಿ, ಸಂತೋಸ ಪಡ್ತಾಳೆ" ಎಂದಳು. ಮಗ ಆಡದ ಮಾತು ಮಗನ ಹೆಸರಿನಲ್ಲಿ ನರಸೀಪುರದ ಬಸ್ಸು ಹತ್ತಿತು.

ವಾರ ಕಳೆಯಿತೋ ಇಲ್ಲವೋ, ಬಸವಣ್ಣ ಮತ್ತೆ ಬಂದ. ಈ ಸಲ ಕೊಟ್ಟ ಕಾಫಿ ಮುಟ್ಟಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡು, "ಎಂಗೆ ಯೋಳ್ಲಿ ಬೀಗಿತ್ತಿ. ಬೀಮನ ಅಮಾಸೆಗೆ ಅಳಿಯಂದ್ರು ಬರೋದು ಬ್ಯಾಡ ಅಂತ ಕುಂತವ್ಳೆ ನಮ್ಮುಡುಗಿ. ಪಾದಪೂಜೆ ಮಾಡಲ್ವಂತೆ. ಸ್ರಾವಣಕ್ಕೂ ಕಳಿಸ್ಬ್ಯಾಡ, ನಾನು ಓಗಲ್ಲ ಅಂತಾಳೆ. ಯಾಕವ್ವ ಅಂದ್ರೆ ಬರೀ ಅಳ್ತಾಳೆ" ಅಂದ.

ವಿಶಾಲಮ್ಮನಿಗೆ ನಿಂತ ನೆಲ ಕುಸಿಯಿತು. ಮಗನಿಗೆ ಹೇಳಲು ಧೈರ್ಯ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಕೆಲಸಕ್ಕೆ ಹೋದದ್ದೇ ತಡ, ಬಾಗಿಲಿಗೆ ಬೀಗ ಜಡಿದು ನರಸೀಪುರದ ಬಸ್ಸಿನಲ್ಲಿ ಕೂತಳು. ಆಷಾಢದಲ್ಲಿ ಸೊಸೆಯ ಮುಖ ನೋಡಲು ಹೊರಟ ಅತ್ತೆಯನ್ನು ಯಾರು ಏನಂದರೂ ಅನ್ನಲಿ. ದಾರಿಯುದ್ದಕ್ಕೂ ಗಾಳಿ ಕಿಟಕಿಯ ಗಾಜು ಗಲಗಲ ಅನ್ನಿಸುತ್ತಿತ್ತು.

ಬಸವಣ್ಣನ ಮನೆಯ ಮುಂದೆ ಬಂದು ಜಗಲಿಯ ಮೇಲೆ ಕೂತುಬಿಟ್ಟಳು. "ಒಳೀಕೆ ಬನ್ನಿ ಬೀಗಿತ್ತಿ" ಎಂದು ಅವನು ಎಷ್ಟು ಅಂಗಲಾಚಿದರೂ ಏಳಲಿಲ್ಲ. "ಒಸಿಲು ತುಳಿಯಲ್ಲ ಕಣ್ರಿ. ನಾಳೆ ಮಗ ಸೊಸೇಗೆ ಏನಾರ ಕೆಟ್ಟದ್ದಾದ್ರೆ ಅದೂ ನನ್ನ ತಲೆ ಮ್ಯಾಲೆ ಬರ್ತದೆ. ಅವಳನ್ನ ಬಾಗಿಲಿಗೆ ಕರೀರಿ" ಅಂದಳು.

ರುದ್ರಾಣಿ ಬಂದು ಹೊಸಿಲಿನ ಒಳಗೆ ನಿಂತಳು. ಕಣ್ಣು ಊದಿಕೊಂಡಿದ್ದವು. ಅವಳನ್ನು ನೋಡುತ್ತಲೇ ವಿಶಾಲಮ್ಮನ ಕಟ್ಟೆ ಒಡೆಯಿತು.

"ಏನವ್ವ ಕಮ್ಮಿ ಮಾಡಿದೀನಿ ನಿಂಗೆ? ಬಾಯಿ ಬಾರದ ಮಗ ಅಂತ ಮದುವೆಗೆ ಮುಂಚೇನೆ ಯೋಳಿರಲಿಲ್ವ? ಮುಚ್ಚಿಟ್ಟಿದ್ನಾ? ಆ ಹಾಳು ಡಬ್ಬದ ಮುಂದೆ ಕುಂತ್ಕಂಡು ನಿನ್ನ ಮಾತಾಡುಸ್ತಾ ಇಲ್ಲ ಅಂತ, ಅದನ್ನೂ ನನ್ನ ಕೈಯಾರೆ ಪಾತ್ರೆಯೋಳಿಗೆ ಎತ್ತಿ ಕೊಟ್ಟೆ..."

"ನೀವಾ?" ಅಂದಳು ರುದ್ರಾಣಿ. "ಅವರು ಕೊಟ್ಟದ್ದಲ್ವಾ? ಇದೆಲ್ಲ ಸಾಕಾಗಿದೆ ಅಂತ ಅವರೇ ಅಂದರಂತಲ್ಲ?"

ವಿಶಾಲಮ್ಮ ಸೆರಗಿನ ತುದಿ ಹಿಡಿದು ತಿರುಚಿದಳು. "ನಾನೇ ಕಣವ್ವ. ಅವನು ಏನೂ ಅನ್ನಲಿಲ್ಲ. ನಿಂಗೆ ಸಂತೋಸ ಆಗ್ಲಿ ಅಂತ ನಾನೇ ಸೇರಿಸಿ ಯೋಳಿದೆ."

ರುದ್ರಾಣಿ ಹೊಸಿಲಿನ ಒಳಗಡೆ ಹಾಗೇ ಕುಸಿದು ಕೂತಳು. ಅತ್ತೆ ಆಚೆ, ಸೊಸೆ ಈಚೆ, ನಡುವೆ ಅರಿಸಿನ ಬಳಿದ ಹೊಸಿಲು. ಸ್ವಲ್ಪ ಹೊತ್ತು ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ನಿಧಾನಕ್ಕೆ ಹೇಳತೊಡಗಿದಳು.

"ಮದುವೆಯಾದ ಹೊಸದರಲ್ಲಿ ಅವರು ಬಾಯೇ ಬಿಡ್ತಿರಲಿಲ್ಲ ಅತ್ತೆ. ನಾನಾದರೂ ಏನು ಮಾತಾಡಲಿ? ಗೋಡೆ ನೋಡಿಕೊಂಡು ಕೂತಿರ್ತಿದ್ದೆ. ಒಂದು ಸಂಜೆ ಆ ಎರಡನೇ ರಿಮೋಟು ತಂದು ನನ್ನ ಕೈಗೆ ಕೊಟ್ಟರು. ಅದರಲ್ಲಿ ಇಬ್ಬರು ಸಿಪಾಯಿಗಳು. ಒಬ್ಬನದು ಕೆಂಪು ಚಡ್ಡಿ, ಒಬ್ಬನದು ನೀಲಿಯಂತೆ. ಕಪ್ಪು ಬಿಳುಪು ಟೀವಿಯಲ್ಲಿ ಅದು ಹೇಗೆ ಗೊತ್ತಾಗಬೇಕು? ಇಬ್ಬರೂ ಒಂದೇ ಥರ ಕಾಣ್ತಾರೆ. ನಾನು ಯಾವುದು, ನಾನು ಯಾವುದು ಅಂತ ಕೂಗಾಡಿದೆ. ನೀನು ಮೇಲಿರೋನು, ನಾನು ಕೆಳಗಿರೋನು ಅಂದರು. ಆಮೇಲೆ ಹೇಳ್ತಾನೇ ಇರಬೇಕಾಯ್ತು. ಹೇಳದೆ ಇದ್ದರೆ ಇಬ್ಬರೂ ಸಾಯ್ತಿದ್ವಿ."

"ಅವನು ಮಾತಾಡ್ದನಾ? ನಮ್ಮ ಮಾದೇವ?"

"ಎಷ್ಟು ಮಾತಾಡ್ತಾರೆ ಗೊತ್ತಾ ಅತ್ತೆ! ನೆಗಿ, ಬಗ್ಗು, ಹಿಂದೆ ಬಂದ ನೋಡು ಅಂತಾರೆ. ಆಟ ಆಡ್ತಾ ಆಡ್ತಾ ಫ್ಯಾಕ್ಟರಿ ವಿಷಯ, ಅವರಪ್ಪನ ವಿಷಯ, ಚಿಕ್ಕಂದಿನಲ್ಲಿ ಹುಡುಗರು ಆಡಿಕೊಂಡದ್ದು, ಎಲ್ಲ ಹೇಳ್ತಾರೆ. ಉಗ್ಗು ಬರುತ್ತೆ, ಬರಲ್ಲ ಅಂತಲ್ಲ. ಆದರೆ ಆಗ ನನ್ನ ಕಣ್ಣು ಟೀವಿ ಮೇಲಿರುತ್ತೆ, ಅವರ ಬಾಯಿ ಮೇಲೆ ಇರಲ್ಲ. ಅದಕ್ಕೇ ಅವರಿಗೆ ಗಾಬರಿ ಆಗಲ್ಲ."

ವಿಶಾಲಮ್ಮ ಹೊಸಿಲಿನ ಹತ್ತಿರಕ್ಕೆ ಸರಿದು ಕೂತಳು.

"ಒಂದು ಕಡೆ ಬೆಟ್ಟ ಹತ್ತಬೇಕು ಅತ್ತೆ. ಇಬ್ಬರೂ ಒಟ್ಟಿಗೇ ಹತ್ತಬೇಕು. ಒಬ್ಬರು ಅವಸರಪಟ್ಟು ಮೇಲೆ ಹೋಗಿಬಿಟ್ಟರೆ ಕೆಳಗಿರೋರು ಸತ್ತುಹೋಗ್ತಾರೆ. ಮುಂದೆ ಹೋದವರು ನಿಂತು ಕಾಯಬೇಕು. ನಂಗೆ ಮೊದಲು ಕಾಯೋದೇ ಬರ್ತಿರಲಿಲ್ಲ, ಎಷ್ಟೋ ಸಲ ಅವರನ್ನ ಸಾಯಿಸಿದೀನಿ. ಆಮೇಲೆ ಕಲಿತೆ." ಅವಳು ಕಣ್ಣೀರಿನಲ್ಲೇ ನಕ್ಕಳು. "ಅದನ್ನ ಅವರೇ ಬೇಡ ಅಂದರು ಅಂದಾಗ, ನಾನೇ ಬೇಡವಾದೆ ಅನ್ನಿಸ್ತು."

ವಿಶಾಲಮ್ಮನನ್ನು ಯಾರೂ ಏನೂ ಅಂದಿರಲಿಲ್ಲ. ಆದರೂ ಯಾರೋ ಕೆನ್ನೆಗೆ ಬಿಟ್ಟ ಹಾಗಾಯಿತು. ತುಟಿಯ ಮೇಲೆ ನಿಂತ ಮಗನ ಅಕ್ಷರಗಳು, ತಾನು ಓಡಿ ಓಡಿ ಮುಂದೆ ಹೋಗಿ ಮುಗಿಸಿದ ಮಾತುಗಳು, ಒಂದೊಂದಾಗಿ ನೆನಪಾದವು. ಪ್ರೀತಿಯಿಂದಲೇ ಮಾಡಿದ್ದು. ಪ್ರೀತಿಯಿಂದ ಮಾಡಿದ್ದು ಅನ್ನುವುದೇ ಅವಳನ್ನು ಹೆಚ್ಚು ಸುಟ್ಟಿತು.

"ಕಳಿಸ್ಲೇನವ್ವ ಅವನನ್ನ ಅಮಾಸೆಗೆ?" ಎಂದು ಕೊನೆಗೆ ಕೇಳಿದಳು.

"ಬರಲಿ ಅತ್ತೆ. ಆದರೆ ನೀವು ಹೇಳಿಕೊಟ್ಟು ಕಳಿಸಬೇಡಿ. ಅವರಿಗೇ ಬರಬೇಕು ಅನ್ನಿಸಿದರೆ ಬರಲಿ. ಕರೆಯೋದಿದ್ದರೆ ಅವರ ಬಾಯಲ್ಲೇ ಕರೀಲಿ."

ಸಂಜೆ ಮಗ ಮನೆಗೆ ಬರುವ ಹೊತ್ತಿಗೆ ವಿಶಾಲಮ್ಮ ಒಲೆಯ ಮೇಲೆ ಹಾಲಿಟ್ಟು ಕೂತಿದ್ದಳು. ಅವನು ಕೈಕಾಲು ತೊಳೆದು ಬಂದು ಕೂತ ಮೇಲೆ, ಸುತ್ತಿ ಬಳಸದೆ ಎಲ್ಲ ಹೇಳಿದಳು. ಬಸವಣ್ಣನಿಗೆ ಹೇಳಿದ ಸುಳ್ಳು, ರುದ್ರಾಣಿಯ ಅಳು, ಜಗಲಿಯ ಮೇಲೆ ಕೂತದ್ದು. "ನೀನೇ ಬ್ಯಾಡ ಅಂದೆ ಅಂತ ತಿಳ್ಕಂಡವ್ಳೆ ಮಗ. ನಾನು ಮಾಡಿದ ಕೆಲಸ ಇದು" ಎಂದು ನಿಲ್ಲಿಸಿದಳು.

ಮಹಾದೇವಸ್ವಾಮಿ ತಲೆ ಎತ್ತಿದ. "ಅ... ಅವ್ವ..." ಅಂದ. "ನಾ... ನಾ..."

ನಾನು ಹೋಗಲ್ಲ ಅಂತಾನೆ, ನಂಗೆ ನಾಚಿಕೆ ಅಂತಾನೆ, ನೀನೇ ಹೋಗಿ ಕರಕೊಂಡು ಬಾ ಅಂತಾನೆ. ಒಂದಲ್ಲ, ಮೂರು ಉತ್ತರ ವಿಶಾಲಮ್ಮನ ನಾಲಿಗೆಯ ತುದಿಗೆ ಬಂದು ಕುಣಿದವು. ಹಲ್ಲು ಕಚ್ಚಿದಳು. ಮಗನ ಬಾಯಿ ನೋಡಬಾರದೆಂದು ಕಣ್ಣನ್ನು ನೆಲಕ್ಕೆ ನೆಟ್ಟಳು. ಒಲೆಯ ಮೇಲೆ ಹಾಲು ಉಕ್ಕಿ ಬಂತು, ಸುರ್ ಎಂದು ಉರಿಯ ಮೇಲೆ ಬಿತ್ತು, ಮನೆಯೆಲ್ಲ ಸೀದ ವಾಸನೆ ತುಂಬಿತು. ಅವಳು ಏಳಲಿಲ್ಲ.

"ನಾ... ನಾನು ಒ... ಒಬ್ಬನೇ ಹೋಗ್ತೀನಿ. ನೀ... ನೀನು ಬ... ಬರಬೇಡ."

ಅವಳು ತಲೆ ಆಡಿಸಿದಳು. ಅವನು ಮುಗಿಸಿರಲಿಲ್ಲ.

"ನಂ... ನಂಗೆ ಕೋ... ಕೋಪ ಬಂದಿತ್ತವ್ವ. ತು... ತುಂಬಾ ಕೋಪ ಬಂದಿತ್ತು."

ತನ್ನ ಮಗನಿಗೆ ಕೋಪ ಬರುತ್ತದೆಂದು ವಿಶಾಲಮ್ಮನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಗಬೇಕು? ಅವಳು ಮುಗಿಸಿಕೊಟ್ಟ ಮಾತುಗಳಲ್ಲಿ ಒಂದೂ ಕೋಪದ ಮಾತಿರಲಿಲ್ಲ. "ಬಯ್ಯಿ ಮಗ" ಅಂದಳು. "ಬಯ್ಯಿ, ನಿಧಾನಕ್ಕೆ ಬಯ್ಯಿ. ನಾನೆಲ್ಲೂ ಓಗಲ್ಲ." ಅವನು ಬಯ್ಯಲಿಲ್ಲ. ಎದ್ದು ಹೋಗಿ ಒಲೆ ಆರಿಸಿದ.

ಅಮಾವಾಸ್ಯೆಗೆ ಒಬ್ಬನೇ ಹೋದ. ಅಲ್ಲಿ ಏನಾಯಿತು, ಯಾರು ಏನಂದರು ಎಂದು ವಿಶಾಲಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಶ್ರಾವಣದ ಮೊದಲ ದಿನವೇ ಗಂಡ ಹೆಂಡತಿ ಇಬ್ಬರೂ ಬಂದಿಳಿದರು. "ಏನಂತ ಕರೆದ್ನವ್ವ?" ಎಂದು ಆಸೆಯಿಂದ ಕೇಳಿದ್ದಕ್ಕೆ ರುದ್ರಾಣಿ ಕೆಂಪಗಾಗಿ, "ಅದು ನಮ್ಮಿಬ್ಬರದು ಅತ್ತೆ" ಅಂದಳು. ಇನ್ನೊಂದು ಕಾಲವಾಗಿದ್ದರೆ ಬೆನ್ನು ಬಿಡುತ್ತಿರಲಿಲ್ಲ. ಈ ಸಲ ಅವರ ಚೀಲ ಎತ್ತಿಕೊಂಡು ಒಳಗೆ ನಡೆದಳು.

ಆ ತಿಂಗಳೇ ಮೈಸೂರಿಗೆ ಹೋಗಿ ಇನ್ನೊಂದು ಗೇಮ್ ತಂದರು. "ನಡುಮನೆ ಕಲರ್ ಟೀವಿಗೆ ಆಕ್ಕೊಳ್ರಪ್ಪ, ಚೆಂದಾಗಿ ಕಾಣ್ತದೆ" ಎಂದು ವಿಶಾಲಮ್ಮ ಧಾರಾಳವಾಗಿ ಹೇಳಿದಳು. ಅವರಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಕಪ್ಪು ಬಿಳುಪು ಟೀವಿ ಕೋಣೆಯಲ್ಲೇ ಉಳಿಯಿತು.

ಆ ಟೀವಿಯೂ ಆ ಪೆಟ್ಟಿಗೆಯೂ ಕೆಟ್ಟು ಮೂಲೆ ಸೇರಿ ಎಷ್ಟೋ ವರ್ಷವಾಯಿತು. ಈಗಿನ ಆಟಗಳೇ ಬೇರೆ, ಮೊಮ್ಮಗಳು ಧನುಶ್ರೀ ಕಂಪ್ಯೂಟರಿನಲ್ಲಿ ಏನೇನೋ ಆಡುತ್ತಾಳೆ. ಆದರೆ ನಂಜನಗೂಡು ಬಸ್‌ಸ್ಟ್ಯಾಂಡಿನ ಜಂಗುಳಿಯಲ್ಲಿ ರುದ್ರಾಣಿ ದಡದಡ ಮುಂದೆ ಹೋದರೆ ಹಿಂದಿನಿಂದ ಮಹಾದೇವಸ್ವಾಮಿ "ನಿ... ನಿಲ್ಲೇ, ನಾನಿನ್ನೂ ಕೆಳಗಿದೀನಿ" ಅನ್ನುತ್ತಾನೆ. ಜಗಳವಾದಾಗಲೂ ಅದೇ ಮಾತು, ಮನೆ ಕಟ್ಟುವ ಲೆಕ್ಕಾಚಾರದಲ್ಲೂ ಅದೇ ಮಾತು. ಅವಳು ನಿಲ್ಲುತ್ತಾಳೆ. ಉಗ್ಗು ಹೋಗಲಿಲ್ಲ. ಅದು ಹೋಗುವ ಜಾತಿಯದ್ದಲ್ಲ. ಅದನ್ನಿಟ್ಟುಕೊಂಡೇ ಅವನು ಸ್ಟೋರ್ಸಿನ ಸೂಪರ್‌ವೈಸರ್ ಆದ, ನಾಲ್ಕು ಜನರ ಮುಂದೆ ನಿಂತು ಮಾತಾಡಿದ.

ಮೊನ್ನೆ ಮೊನ್ನೆ ಮನೆಗೊಂದು ಮೊಬೈಲು ಬಂತು. ವಿಶಾಲಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅದು ಬಡಿದುಕೊಂಡಿತು. ಧನುಶ್ರೀ ಓಡಿ ಬಂದು ಗುಂಡಿ ಒತ್ತಿ ಅಜ್ಜಿಯ ಕಿವಿಗೆ ಹಿಡಿದಳು. ಹಲೋ ಇಲ್ಲ, ಏನೂ ಇಲ್ಲ. ಹುಡುಗಿ ತಾನೂ ಕಿವಿ ಕೊಟ್ಟು ಕೇಳಿ, "ಯಾರೂ ಇಲ್ಲ ಅಜ್ಜಿ, ಕಟ್ ಮಾಡು" ಎಂದು ಕೈ ಚಾಚಿದಳು.

ವಿಶಾಲಮ್ಮ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಸುಮ್ನಿರು ಕೂಸೆ" ಅಂದಳು. "ನನ್ನ ಮಗ ಮಾತಾಡ್ತಾವ್ನೆ."